ಮುಂಡಪ್ಪನ ವಸಡು ನೋಡಲು ಬಂದವರು

"ಇನ್ನು ನಲವತ್ತು ದಿನ ಈ ಬಾಯಿಯೊಳಗೆ ಒಂದು ಚಿಟಿಕೆ ಸಕ್ಕರೆ ಹೋದರೆ ನನ್ನನ್ನು ಮುಂಡಪ್ಪ ಅಂತ ಕರೀಬೇಡಿ!"

ವಾಮದಪದವಿನ ಪೇಟೆಯಲ್ಲಿ ಹೋಟೆಲು ನಡೆಸುವ ಮುಂಡಪ್ಪ ಗಲ್ಲಾಪೆಟ್ಟಿಗೆಯ ಹಿಂದೆ ಎದ್ದುನಿಂತು, ಒಂದು ಕೈ ಮೇಲೆತ್ತಿ ಹೀಗೆ ಘೋಷಿಸಿದ. ಭೀಷ್ಮ ಪ್ರತಿಜ್ಞೆ ಮಾಡಿದಾಗ ಆಕಾಶದಿಂದ ಹೂಮಳೆ ಸುರಿಯಿತಂತೆ. ಮುಂಡಪ್ಪನ ಪಾಲಿಗೆ ಅಡುಗೆಕೋಣೆಯಿಂದ ಹೆಂಡತಿ ಪ್ರೇಮಾವತಿಯ ದನಿ ಮಾತ್ರ ಬಂತು.

"ಮೊದಲು ಇನ್ನೊಂದು ಕೈಯಲ್ಲಿರುವ ಬನ್ಸ್ ಕೆಳಗಿಡಿ ಮಾರಾಯ್ರೆ!"

ಮುಂಡಪ್ಪ ಇಟ್ಟ. ಅದರಲ್ಲಿ ಅರ್ಧ ಆಗಲೇ ಒಳಗೆ ಹೋಗಿತ್ತು.

ಇಷ್ಟು ದೊಡ್ಡ ಪ್ರತಿಜ್ಞೆಗೆ ಕಾರಣ ಎರಡು ಸಣ್ಣ ಹಲ್ಲುಗಳು. ಕೆಳದವಡೆಯ ಮುಂದಿನ ಆ ಎರಡು ಹಲ್ಲುಗಳು ಈಚೆಗೆ ನಾಲಿಗೆ ತಾಗಿದರೂ ತಲೆಯಾಡಿಸುತ್ತಿದ್ದವು. ಸಕ್ಕರೆ ಕಾಯಿಲೆ ಮುಂಡಪ್ಪನಿಗೆ ಹೊಸತಲ್ಲ. ಮಾತ್ರೆಯನ್ನು ನೆನಪಾದ ದಿನ ನುಂಗುತ್ತಿದ್ದ, ನೆನಪಾಗದ ದಿನ ದೇವರ ಮೇಲೆ ಭಾರ ಹಾಕುತ್ತಿದ್ದ. ಹಲ್ಲುಜ್ಜುವಾಗ ವಸಡಿನಲ್ಲಿ ರಕ್ತ ಕಂಡಾಗ ಅವನೇ ಒಂದು ಸಂಶೋಧನೆ ನಡೆಸಿದ. ಬ್ರಷ್ ತಾಗಿದರೆ ರಕ್ತ ಬರುತ್ತದೆ, ತಾಗದಿದ್ದರೆ ಬರುವುದಿಲ್ಲ. ಅಪರಾಧಿ ಸಿಕ್ಕಿಬಿದ್ದ! ಅಂದಿನಿಂದ ಬ್ರಷ್ಷಿಗೆ ಮುಂದಿನ ಹಲ್ಲುಗಳ ಕಡೆ ಪ್ರವೇಶ ನಿಷೇಧವಾಯಿತು. ಒಂದು ಸಂಜೆ ಚಕ್ಕುಲಿ ಕಚ್ಚಿದಾಗ ಚಕ್ಕುಲಿ ಗಟ್ಟಿಯಾಗಿಯೇ ಉಳಿದು ಹಲ್ಲೇ ಬಾಗಿದ್ದನ್ನು ಕಂಡ ಪ್ರೇಮಾವತಿ, ಮರುದಿನ ಅವನನ್ನು ಬಸ್ಸು ಹತ್ತಿಸಿ ಮೂಡುಬಿದಿರೆಯ ಹಲ್ಲಿನ ಡಾಕ್ಟರು ಉಝ್ಮಾ ಅವರ ಕುರ್ಚಿಯ ಮೇಲೆ ಮಲಗಿಸಿದಳು.

"ರಕ್ತ ಬಂತು ಅಂತ ಬ್ರಷ್ ಬಿಟ್ಟದ್ದಾ ಅಂಕಲ್?" ಎಂದರು ಉಝ್ಮಾ.

"ಹೌದು ಡಾಕ್ಟ್ರೆ. ಬಿಟ್ಟ ಮೇಲೆ ರಕ್ತ ನಿಂತಿದೆ."

"ಹಲ್ಲು ನಿಂತಿದೆಯಾ?"

ಮುಂಡಪ್ಪ ಬಾಯಿಯನ್ನು ಇನ್ನಷ್ಟು ಅಗಲಿಸಿದ. ಬಾಯಿಯೊಳಗೆ ಡಾಕ್ಟರ ಕನ್ನಡಿ ಇತ್ತು, ಅದೊಂದು ನೆಪವೂ ಸಿಕ್ಕಿತು.

"ಸಕ್ಕರೆ ಏರಿದರೆ ವಸಡು ಹಾಳಾಗ್ತದೆ. ವಸಡಿನಲ್ಲಿ ಸೋಂಕು ಕೂತರೆ ಸಕ್ಕರೆ ಇಳಿಯುವುದಿಲ್ಲ. ಅವೆರಡೂ ಒಂದೇ ಪಾರ್ಟಿ ಅಂಕಲ್, ಒಟ್ಟಿಗೇ ಹಿಡೀಬೇಕು," ಎಂದು ಉಝ್ಮಾ ಬಾಯಿಯ ಬಲಭಾಗವನ್ನು ಮರಗಟ್ಟಿಸಿ, ವಸಡಿನ ಅಡಿಯಲ್ಲಿ ವರ್ಷಗಳಿಂದ ಬೀಡುಬಿಟ್ಟಿದ್ದ ಕಿಟ್ಟವನ್ನೆಲ್ಲ ಕೆರೆದು ತೆಗೆದರು. "ಎಡಭಾಗ ಸಕ್ಕರೆ ಇಳಿದ ಮೇಲೆ ಮಾಡುವ. ಮಾತ್ರೆ ತಪ್ಪಿಸಬೇಡಿ, ದಿನಕ್ಕೆರಡು ಸಲ ಬ್ರಷ್ ಮಾಡಿ, ಸಿಹಿ ಬಿಡಿ. ನಲವತ್ತು ದಿನದಲ್ಲಿ ವಸಡು ಬಿಗಿಯಾದರೆ ಈ ಎರಡು ಹಲ್ಲು ಉಳೀತದೆ. ಇಲ್ಲದಿದ್ದರೆ ತೆಗೆಯುವುದೇ."

ಮುಂಡಪ್ಪನಿಗೆ ನಿಜಕ್ಕೂ ಹೆದರಿಕೆಯಾಯಿತು. ಊರಿಗೆಲ್ಲ ಮುಖ ತೋರಿಸಿಕೊಂಡು ಗಲ್ಲಾದಲ್ಲಿ ಕೂರುವವನು ಅವನು. "ಎರಡು ಚಾ, ಒಂದು ಗೋಳಿಬಜೆ" ಎಂದು ಒಳಗೆ ಕೂಗುವಾಗ ಬಾಯಿಯ ನಡುಮಧ್ಯದಲ್ಲಿ ಬಾಗಿಲು ತೆರೆದುಕೊಂಡಿದ್ದರೆ ಗಿರಾಕಿ ಏನೆಂದಾನು? ಕೋಳಿಯ ಮೂಳೆಯನ್ನು ಇನ್ನು ದೂರದಿಂದ ನೋಡಿ ತೃಪ್ತಿಪಡಬೇಕೆ? ಹಾಗಾಗಿಯೇ ಆ ಪ್ರತಿಜ್ಞೆ.

ಆದರೆ ಮುಂದಿನ ಭಾನುವಾರವೇ ವೇಣೂರಿನಲ್ಲಿ ದಾಯಾದಿ ಅಣ್ಣುವಿನ ಮಗಳ ಮದುವೆ! ಪಾಯಸದ ಬಕೆಟ್ಟು ಪಂಕ್ತಿಯಲ್ಲಿ ಹತ್ತಿರ ಬಂದಾಗ ತನ್ನ ಬಲಗೈ ತನ್ನ ಮಾತು ಕೇಳುವುದಿಲ್ಲ ಎಂಬುದು ಮುಂಡಪ್ಪನಿಗೆ ಚೆನ್ನಾಗಿ ಗೊತ್ತು. ಹೋಗದಿರುವುದೊಂದೇ ದಾರಿ. ಹೋಗದಿರಲು ಕಾರಣ? "ವಸಡು ಕ್ಲೀನ್ ಮಾಡಿಸಿದ್ದೇನೆ" ಎಂದರೆ ಅಣ್ಣು ಜನ್ಮದಲ್ಲಿ ಕ್ಷಮಿಸಲಾರ. ಮುಂಡಪ್ಪ ಫೋನು ಹಿಡಿದು, ದನಿಯನ್ನು ಎರಡು ಮೆಟ್ಟಿಲು ಕೆಳಗಿಳಿಸಿದ.

"ಅಣ್ಣು, ಬರಲಿಕ್ಕಾಗುವುದಿಲ್ಲ ಮಾರಾಯ. ಬಾಯಿಯ ಆಪರೇಷನ್ ಆಗಿದೆ."

"ಆಪರೇಷನ್ನಾ? ದೇವರೇ! ಎಂತಕ್ಕೆ?"

"ಅದೆಲ್ಲ ಈಗ ಬೇಡ. ಹೆಚ್ಚು ಮಾತಾಡಬಾರದು ಅಂತ ಡಾಕ್ಟ್ರು ಹೇಳಿದ್ದಾರೆ," ಎಂದ ಮುಂಡಪ್ಪ, ಆಮೇಲೆ ಅಡುಗೆಯವರು ಯಾರು, ಮದುವೆ ಹಾಲ್‌ನಲ್ಲಿ ಫ್ಯಾನು ಸಾಕಷ್ಟು ಉಂಟಾ, ಗಂಡಿನ ಕಡೆಯವರಿಗೆ ಬಸ್ಸು ಮಾಡಿದ್ದಾರಾ ಎಂದು ಅರ್ಧ ಗಂಟೆ ವಿಚಾರಿಸಿಕೊಂಡ.

ಭಾನುವಾರ ಪ್ರೇಮಾವತಿ ಒಬ್ಬಳೇ ಮದುವೆಗೆ ಹೋದಳು. ಸಂಜೆ ಬಂದವಳು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

"ನೀವು ಅಣ್ಣುವಿಗೆ ಎಂತ ಹೇಳಿದ್ದು?"

"ಹೆಚ್ಚೇನಿಲ್ಲ. ಯಾಕೆ?"

"ಮದುವೆಯಲ್ಲಿ ಹುಡುಗಿಯನ್ನು ಯಾರೂ ನೋಡಲಿಲ್ಲ, ಎಲ್ಲರೂ ನನ್ನನ್ನೇ ನೋಡಿದ್ದು! ನೀವು ಎಲೆಅಡಿಕೆ ಹಾಕುವವರು, ಬಾಯಿಯ ಆಪರೇಷನ್ ಅಂದರೆ ಅದೇ ದೊಡ್ಡ ಕಾಯಿಲೆ ಅಂತ ಆಗಿದೆ ಅಲ್ಲಿ. ವಸಡು ಕ್ಲೀನ್ ಮಾಡಿದ್ದು ಮಾತ್ರ ಅಂತ ನಾನು ಹೇಳಿದರೆ, ಪಾಪ ಗಂಡನ ವಿಷಯ ಮುಚ್ಚಿಡ್ತಾಳೆ ಅಂತ ನಾಲ್ಕು ಜನ ನನ್ನನ್ನು ತಬ್ಬಿಕೊಂಡು ಅತ್ತರು. ಒಬ್ಬಳು ಡಾಕ್ಟ್ರು ಎಷ್ಟು ಸಮಯ ಕೊಟ್ಟಿದ್ದಾರೆ ಅಂತ ಕೇಳಿದಳು."

"ನೀನೆಂತ ಹೇಳಿದೆ?"

"ನಲವತ್ತು ದಿನ ಅಂದೆ. ಹಲ್ಲಿಗೆ ಅಂತ ಸೇರಿಸುವಷ್ಟರಲ್ಲಿ ಅವಳು ಬಿದ್ದಾಗಿತ್ತು."

ಮರುದಿನ ಬೆಳಗ್ಗಿನಿಂದ ಜನ ಬರತೊಡಗಿದರು. ನಮ್ಮ ಊರುಗಳಲ್ಲಿ ಸೌಖ್ಯವಿಲ್ಲದವರನ್ನು ನೋಡಲು ಬರಿಗೈಯಲ್ಲಿ ಹೋಗುವ ಕ್ರಮವಿಲ್ಲ. ಹೋಟೆಲಿನ ಹಿಂದಿರುವ ಮುಂಡಪ್ಪನ ಮನೆಯ ಜಗಲಿಯಲ್ಲಿ ಹಾರ್ಲಿಕ್ಸು, ಗ್ಲೂಕೋಸ್ ಬಿಸ್ಕತ್ತು, ದ್ರಾಕ್ಷಿ, ಕದಳಿ ಬಾಳೆಹಣ್ಣು, ಬ್ರೆಡ್ಡು, ಅಣ್ಣುವಿನ ಮನೆಯಿಂದ ಬಂದ ಮದುವೆಯ ಪಾಯಸ ಎಲ್ಲವೂ ಮೆರವಣಿಗೆಯಲ್ಲಿ ಬಂದು ಕೂತವು. ಯಾವ ಪಾಯಸಕ್ಕೆ ಹೆದರಿ ಮುಂಡಪ್ಪ ಮದುವೆ ತಪ್ಪಿಸಿದ್ದನೋ ಅದೇ ಪಾಯಸ ಟಿಫಿನ್ ಡಬ್ಬಿಯಲ್ಲಿ ಬಸ್ಸು ಹಿಡಿದು ಮನೆಗೇ ಬಂದಿತ್ತು!

"ಎಂತದೂ ಇಲ್ಲ ಮಾರಾಯ್ರೆ, ಬರೀ ವಸಡು," ಎಂದು ಅವನು ಬಂದವರಿಗೆಲ್ಲ ಬಾಯಿ ನೋಯುವಷ್ಟು ಹೇಳಿದ. ಹೇಳಿದಷ್ಟೂ ಅವರ ಕಣ್ಣು ತುಂಬಿತು. "ಎಂಥ ಧೈರ್ಯ ನೋಡಿ ಪಾಪ!" ಎಂದು ಅವರವರೇ ಪಿಸುಗುಟ್ಟಿಕೊಂಡರು.

ಪಕ್ಕದ ಅಂಗಡಿಯ ಹಾಜಬ್ಬ, ಮಗ ನೌಫಲ್ ಸೌದಿಯ ದಮ್ಮಾಮಿನಿಂದ ತಂದ ಖರ್ಜೂರದ ಪೆಟ್ಟಿಗೆಯನ್ನೇ ಹೊತ್ತು ತಂದಿದ್ದ.

"ಹಾಜಬ್ಬ, ನನಗೆ ಸಕ್ಕರೆ ಉಂಟಲ್ಲ!"

"ಇದರಲ್ಲಿ ಸಕ್ಕರೆ ಎಲ್ಲಿ ಉಂಟು ಮುಂಡಪ್ಪಣ್ಣ? ಇದು ಖರ್ಜೂರ!"

ಅಲ್ಲಿಯವರೆಗೂ ಮುಂಡಪ್ಪ ಗಟ್ಟಿಯಾಗಿಯೇ ಇದ್ದ. ಕೈಮುಗಿದ, ಆಮೇಲೆ ತಿನ್ನುತ್ತೇನೆಂದ, ಎಲ್ಲವನ್ನೂ ಪ್ರೇಮಾವತಿಯ ಕಡೆ ದಾಟಿಸಿದ. ಅವನ ಕೋಟೆ ಬಿದ್ದದ್ದು ಗುರುವಪ್ಪನಿಂದ. ಗುರುವಪ್ಪ ಅವನ ಶಾಲೆಯ ಗೆಳೆಯ. ಎಂಟು ವರ್ಷಗಳ ಹಿಂದೆ ತುಂಬಿದ ಹೋಟೆಲಿನಲ್ಲಿ, ಬಾಳೆಹಣ್ಣು ಕಲಸಿ ಮಾಡಬೇಕಾದ ಬನ್ಸ್ ಕಚ್ಚಿ, "ಈ ಬನ್ಸಿಗೆ ಬಾಳೆಹಣ್ಣನ್ನು ದೂರದಿಂದ ತೋರಿಸಿದ್ದು ಮಾತ್ರ" ಎಂದು ಅವನು ಹೇಳಿಬಿಟ್ಟ. ಮುಂಡಪ್ಪ ತಟ್ಟೆ ಕಿತ್ತುಕೊಂಡ. ಅಂದಿನಿಂದ ಇಬ್ಬರೂ ಒಂದೇ ಬಸ್ಸಿನಲ್ಲಿ ಕೂತರೂ ಬೇರೆ ಬೇರೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದರು. ಆ ಗುರುವಪ್ಪ ಈಗ ಒಂದು ಪೊಟ್ಟಣ ಬಾಳೆಹಣ್ಣಿನ ಹಲ್ವ ಹಿಡಿದು ಜಗಲಿ ಹತ್ತಿದ. ಮುಂಡಪ್ಪನ ಕೈ ಹಿಡಿದುಕೊಂಡು ದೊಡ್ಡ ದನಿಯಲ್ಲಿ ಅತ್ತ.

"ತಪ್ಪಾಯ್ತು ಮಾರಾಯ. ಬನ್ಸಿನಲ್ಲಿ ಬಾಳೆಹಣ್ಣು ಇತ್ತು. ಬೇಕಾದಷ್ಟು ಇತ್ತು!"

ಎಂಟು ವರ್ಷ ಈ ಮಾತಿಗೇ ಕಾದಿದ್ದವನು ಮುಂಡಪ್ಪ. "ಗುರುವಪ್ಪ, ನನಗೆ ಬರೀ ವಸಡಿನ..." ಎಂದು ಬಾಯಿ ತೆರೆದನಷ್ಟೆ, ತೆರೆದ ಬಾಯಿಗೆ ಗುರುವಪ್ಪ ತನ್ನ ಕೈಯಿಂದಲೇ ಹಲ್ವದ ತುಂಡು ಇಟ್ಟುಬಿಟ್ಟ. ಉಗುಳುವುದು ಹೇಗೆ? ಉಗುಳಿದರೆ ಇನ್ನೆಂಟು ವರ್ಷ! ಮುಂಡಪ್ಪ ನುಂಗಿದ. ಸತ್ಯ ಹೇಳಬೇಕೆಂದರೆ, ಎರಡನೆಯ ತುಂಡಿಗೆ ಅವನೇ ಬಾಯಿ ತೆರೆದ.

ಅಷ್ಟೇ ಸಾಕಾಯಿತು. ಗುರುವಪ್ಪನ ಹಲ್ವ ತಿಂದವನು ಅಣ್ಣುವಿನ ಪಾಯಸ ಬೇಡವೆಂದರೆ ಅಣ್ಣುವಿಗೆ ಬೇಸರ. ಅಣ್ಣುವಿನ ಪಾಯಸ ಕುಡಿದವನು ಖರ್ಜೂರ ಮುಟ್ಟದಿದ್ದರೆ ಹಾಜಬ್ಬನಿಗೆ ಬೇಸರ. ಯಾರಿಗೂ ಬೇಸರ ಮಾಡಬಾರದೆಂಬ ವಿಶಾಲ ಹೃದಯದಿಂದ ಮುಂಡಪ್ಪ ಜಗಲಿಯ ಕುರ್ಚಿಯಲ್ಲಿ ಶಾಲು ಹೊದ್ದು ಕೂತು, ಬಂದ ಪ್ರೀತಿಯನ್ನೆಲ್ಲ ನುಂಗುತ್ತ ಹೋದ. ಬರಬರುತ್ತ ಅವನಿಗೆ ಅದರಲ್ಲಿ ಸುಖವೂ ಕಾಣತೊಡಗಿತು. ಬದುಕಿರುವಾಗಲೇ ತನ್ನ ಬಗ್ಗೆ ಇಷ್ಟು ಒಳ್ಳೆಯ ಮಾತು ಎಷ್ಟು ಜನರಿಗೆ ಕೇಳಲು ಸಿಗುತ್ತದೆ?

"ನಿಮಗೆ ಹಲ್ಲು ಬೇಕಾ, ಹೊಗಳಿಕೆ ಬೇಕಾ? ಒಂದು ಹೇಳಿ," ಎಂದಳು ಪ್ರೇಮಾವತಿ.

"ಜನರ ಪ್ರೀತಿಗೆ ಇಲ್ಲ ಅನ್ನುವುದು ಹೇಗೆ ಮಾರಾಯ್ತಿ?"

ಪ್ರೇಮಾವತಿ ಮತ್ತೆ ಬಸ್ಸು ಹತ್ತಿಸಿದಳು. ಸಕ್ಕರೆಯ ರಿಪೋರ್ಟು ನೋಡಿ ಉಝ್ಮಾ ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಬೆರಳಿನಿಂದ ಮುಟ್ಟಿದಾಗ ಆ ಎರಡು ಹಲ್ಲುಗಳು ಮೊದಲಿಗಿಂತ ಉತ್ಸಾಹದಿಂದ ತಲೆಯಾಡಿಸಿದವು.

"ಇಳಿಯಬೇಕಾದದ್ದು ಏರಿದೆಯಲ್ಲ ಅಂಕಲ್! ಈ ಸಕ್ಕರೆಯಲ್ಲಿ ನಾನು ಎಡಭಾಗ ಮುಟ್ಟುವುದಿಲ್ಲ, ಗಾಯ ಒಣಗುವುದಿಲ್ಲ. ಮನೆಯಲ್ಲಿ ಎಂತ ಆಗ್ತಾ ಉಂಟು?"

ಪ್ರೇಮಾವತಿ ಹಾರ್ಲಿಕ್ಸಿನಿಂದ ಹಲ್ವದವರೆಗೆ ಒಂದನ್ನೂ ಬಿಡದೆ ಹೇಳಿದಳು. ಉಝ್ಮಾ ನಗು ತಡೆಯಲು ಮಾಸ್ಕು ಮೇಲೆಳೆದುಕೊಂಡರು.

"ಅಂಕಲ್, ಕೆಳಗಿನ ಎಡಗಡೆಯ ಹಲ್ಲು ಇನ್ನು ಕಷ್ಟ. ಅದರ ಪಕ್ಕದ್ದನ್ನು ಉಳಿಸಬಹುದು. ಅದೂ ನೀವು ಇವತ್ತೇ ಎಲ್ಲರಿಗೂ ಸತ್ಯ ಹೇಳಿದರೆ ಮಾತ್ರ."

ಆ ಸಂಜೆ ತುಂಬಿದ ಹೋಟೆಲಿನಲ್ಲಿ ಮುಂಡಪ್ಪ ಗಲ್ಲಾದ ಹಿಂದೆ ಮತ್ತೊಮ್ಮೆ ಎದ್ದುನಿಂತ. ಈ ಸಲ ಕೈ ಮೇಲೆತ್ತಲಿಲ್ಲ.

"ನನಗೆ ಯಾವ ಆಪರೇಷನ್ನೂ ಆಗಿಲ್ಲ. ಪಾಯಸಕ್ಕೆ ಹೆದರಿ ಅಣ್ಣುವಿಗೆ ಸುಳ್ಳು ಹೇಳಿದ್ದು."

ವಸಡು ಎಂಬ ಸತ್ಯವನ್ನು ಅಷ್ಟು ದಿನ ಹೇಳಿದರೂ ಒಬ್ಬರೂ ನಂಬಿರಲಿಲ್ಲ. ಸುಳ್ಳು ಹೇಳಿದೆ ಎಂದದ್ದೇ ತಡ, ಇಡೀ ಹೋಟೆಲು ಒಂದೇ ಉಸಿರಿಗೆ ನಂಬಿತು! ಹಾಜಬ್ಬ ಉಳಿದ ಖರ್ಜೂರ ಎಷ್ಟುಂಟು ಎಂದು ಕೇಳಿ ಪೆಟ್ಟಿಗೆ ವಾಪಸು ಒಯ್ದ. ಅಣ್ಣು ಫೋನು ಎತ್ತುವುದನ್ನೇ ಬಿಟ್ಟ. ಮೂಲೆಯ ಮೇಜಿನಲ್ಲಿ ಎಂಟು ವರ್ಷಗಳ ಮೇಲೆ ಬನ್ಸ್ ತಿನ್ನುತ್ತಿದ್ದ ಗುರುವಪ್ಪ, ಅದನ್ನು ಅರ್ಧಕ್ಕೇ ಬಿಟ್ಟು, ಕೈತೊಳೆದು ಹೊರಟುಹೋದ. ಅವನು ಹೋದದ್ದು ಮುಂಡಪ್ಪನಿಗೆ ಹಲ್ಲಿನ ನೋವಿಗಿಂತ ಹೆಚ್ಚು ನೋಯಿತು.

ಜಗಲಿ ಖಾಲಿಯಾಯಿತು. ಖಾಲಿಯಾದ ಜಗಲಿಯಲ್ಲಿ ಮುಂಡಪ್ಪ ಹೊತ್ತಿಗೆ ಸರಿಯಾಗಿ ಮಾತ್ರೆ ನುಂಗಿದ, ಬೆಳಗ್ಗೆ ರಾತ್ರಿ ಮೆತ್ತಗಿನ ಬ್ರಷ್ಷಿನಿಂದ ಉಜ್ಜಿದ, ಪ್ರೇಮಾವತಿ ಕೊಟ್ಟ ಸಪ್ಪೆ ಚಹಾ ಕುಡಿದ. ಮೊದಮೊದಲು ಬಂದ ರಕ್ತ ಆಮೇಲೆ ತಾನಾಗಿ ನಿಂತಿತು. ಸಕ್ಕರೆ ಇಳಿಯಿತು. ಉಝ್ಮಾ ಎಡಭಾಗವನ್ನೂ ಕೆರೆದು ಶುಚಿಮಾಡಿದರು, ಒಂದು ಹಲ್ಲನ್ನು ಉಳಿಸಿದರು, ಹಲ್ವದ ಪಾಲಿಗೆ ಹೋದ ಇನ್ನೊಂದನ್ನು ಕಿತ್ತು ತೆಗೆದರು.

ಹೀಗೆ ಕೊನೆಗೂ ಮುಂಡಪ್ಪನ ಬಾಯಿಗೆ ಆಪರೇಷನ್ ಎನ್ನಬಹುದಾದದ್ದು ನಿಜವಾಗಿಯೂ ನಡೆಯಿತು! ಹತ್ತಿ ಕಚ್ಚಿಕೊಂಡು, ಶಾಲು ಹೊದ್ದು, ಅವನು ಜಗಲಿಯ ಕುರ್ಚಿಯಲ್ಲಿ ಕೂತ. ಒಬ್ಬರೂ ಬರಲಿಲ್ಲ. ದಾರಿಯಲ್ಲಿ ಹೋಗುವವರು ಕೈಬೀಸಿದರು, ಅಷ್ಟೆ. ಒಬ್ಬನಂತೂ "ಇನ್ನು ಯಾರ ಮದುವೆ ಉಂಟು ಮುಂಡಪ್ಪಣ್ಣ?" ಎಂದು ಸೈಕಲ್ಲಿನಿಂದಲೇ ಕೇಳಿದ.

"ಯಾರಿಗಾದರೂ ಫೋನು ಮಾಡಿ ಹೇಳ್ತೀಯಾ?" ಎಂದು ಹತ್ತಿಯ ಸಂದಿನಿಂದ ಹೆಂಡತಿಯನ್ನು ಕೇಳಿದ.

"ಹೇಳಿ ಆಯ್ತು. ನಗ್ತಾರೆ," ಎಂದಳು ಪ್ರೇಮಾವತಿ.

ಸಂಜೆಯ ಹೊತ್ತಿಗೆ ಗುರುವಪ್ಪ ಬಂದ. ಕೈಯಲ್ಲಿ ಪೊಟ್ಟಣವಿರಲಿಲ್ಲ, ಮುಖದಲ್ಲಿ ದುಃಖವೂ ಇರಲಿಲ್ಲ. ಮುಂಡಪ್ಪನ ಎದುರಿಗೆ ಕುರ್ಚಿ ಎಳೆದು ಕೂತು, ಕಿಸೆಯಿಂದ ಮೊಬೈಲು ತೆಗೆದು ಟಾರ್ಚು ಹಾಕಿದ.

"ಬಾಯಿ ತೆರೆ."

"ಎಂತಕ್ಕೆ?"

"ಹೋದ ಸಲ ನೋಡದೆ ಅತ್ತುಬಿಟ್ಟೆ ಮಾರಾಯ. ಈ ಸಲ ನೋಡಿಯೇ ಅಳುವುದು."

ಮುಂಡಪ್ಪ ಹತ್ತಿ ತೆಗೆದು ಬಾಯಿ ತೆರೆದ. ಗುರುವಪ್ಪ ಬಗ್ಗಿ, ಎಡದಿಂದ ಬಲಕ್ಕೆ, ಮೇಲಿನಿಂದ ಕೆಳಕ್ಕೆ ಬೆಳಕು ಹಾಯಿಸಿ, ಸಾವಕಾಶ ಪರೀಕ್ಷಿಸಿದ. ಆಮೇಲೆ ಟಾರ್ಚು ಆರಿಸಿದ.

"ಒಂದೇ ಹಲ್ಲಾ?" ಎಂದ. "ಅಳು ಬರುವುದಿಲ್ಲ. ಒಂದು ಚಾ ತರಿಸು."