ಇಲ್ಲದ ಕ್ಲಚ್ಚಿನ ಕಳವು ಪ್ರಕರಣ

ನಮ್ಮ ಕಚೇರಿಯ ಸಂಚಾರಿ ಕಣ್ಣಿನ ತಪಾಸಣಾ ವ್ಯಾನು ಹತ್ತೊಂಬತ್ತು ವರ್ಷಗಳ ನಿಷ್ಕಳಂಕ ಸೇವೆಯ ನಂತರ, ಒಂದು ಸೋಮವಾರ ಬೆಳಿಗ್ಗೆ ಹತ್ತೂಕಾಲಿಗೆ ಮುಂದೆ ಹೋಗುವುದನ್ನು ನಿಲ್ಲಿಸಿತು. ಎಂಜಿನ್ ಅರಚುತ್ತಿತ್ತು. ಚಕ್ರ ಕದಲಲಿಲ್ಲ.

ಅದು ಯಾವುದೋ ದಾನಿಗಳು ಕೊಟ್ಟ ಆಟೋಮ್ಯಾಟಿಕ್ ಗಾಡಿ. ಗೇರು ತಾನಾಗಿಯೇ ಬದಲಾಗುವುದರಿಂದ ಅದಕ್ಕೆ ಕ್ಲಚ್ ಇಲ್ಲ. ಕಾಲ ಬಳಿ ಬ್ರೇಕು, ಆಕ್ಸಿಲರೇಟರು, ಎರಡೇ ಪೆಡಲ್. ಈ ಸಂಗತಿ ಇಡೀ ಕಚೇರಿಯಲ್ಲಿ ಗೊತ್ತಿದ್ದದ್ದು ಚಾಲಕರೊಬ್ಬರಿಗೆ ಮಾತ್ರ. ಅವರ ನಿವೃತ್ತಿಗೆ ನಾಲ್ಕು ತಿಂಗಳಿತ್ತು.

ಚಾಲಕರು ಬಾನೆಟ್ ಎತ್ತಿ, ಗೇರ್ ಎಣ್ಣೆಯ ಕಡ್ಡಿ ಎಳೆದು ಮೂಸಿದರು. ಕೆಂಪಗಿರಬೇಕಾದ ಎಣ್ಣೆ ಕರ್ರಗಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು.

"ಎಣ್ಣೆ ಸೋರಿ, ಉಳಿದಿದ್ದು ಸುಟ್ಟುಹೋಗಿದೆ ಸಾರ್. ಸೀಲು, ಫಿಲ್ಟರು ಬದಲಾಯಿಸಿ ಹೊಸ ಎಣ್ಣೆ ಹಾಕಿದ್ರೆ ಮಧ್ಯಾಹ್ನಕ್ಕೆ ಹೊರಡಬಹುದು."

ಅಧೀಕ್ಷಕರು ಕನ್ನಡಕ ತೆಗೆದರು. "ದೋಷ ಏನು ಅಂತ ಹೇಳೋದು ಸಮಿತಿ ಕೆಲಸ ಕಣ್ರೀ. ನಿಮ್ಮ ಮೂಗಿಗೆ ಅಧಿಕಾರ ಕೊಟ್ಟೋರು ಯಾರು?"

ಸಂಜೆಯೊಳಗೆ ಮೆಮೊ ಬಂತು: 'ಕಚೇರಿಯ ಎಣ್ಣೆಯನ್ನು ಪೂರ್ವಾನುಮತಿಯಿಲ್ಲದೆ ಮೂಸಿದ ಬಗ್ಗೆ ಮೂರು ದಿನಗಳೊಳಗೆ ಲಿಖಿತ ವಿವರಣೆ ಸಲ್ಲಿಸತಕ್ಕದ್ದು.'

ಹನ್ನೊಂದನೆಯ ದಿನ ದೋಷ ನಿರ್ಣಯ ಸಮಿತಿ ಸೇರಿತು. ಅಧೀಕ್ಷಕರು, ಉಗ್ರಾಣದ ಗುಮಾಸ್ತರು, ತಪಾಸಣೆಯಲ್ಲಿ ಅನುಭವವಿರುವ ಕಾರಣ ಕಣ್ಣಿನ ಡಾಕ್ಟರು. ಡಾಕ್ಟರು ಹೆಡ್‌ಲೈಟುಗಳಿಗೆ ಟಾರ್ಚ್ ಬಿಟ್ಟು, "ಎರಡೂ ಚೆನ್ನಾಗಿವೆ" ಎಂದರು. ಗುಮಾಸ್ತರು ಅಚ್ಚಾದ ನಮೂನೆ ಹಿಡಿದು ಒಂದೊಂದೇ ಭಾಗ ಗುರುತು ಹಾಕುತ್ತಾ ಬಂದು, ಹದಿನೇಳನೆಯದಕ್ಕೆ ನಿಂತರು.

"ಕ್ಲಚ್ ಪೆಡಲ್, ಒಂದು. ಎಲ್ರೀ ಅದು?"

"ಈ ಗಾಡಿಗೆ ಕ್ಲಚ್ಚೇ ಇಲ್ಲ ಸಾರ್. ಹುಟ್ಟಿದಾಗಿನಿಂದ್ಲೂ ಇಲ್ಲ."

"ನಮೂನೇಲಿ ಇದೆ. ಗಾಡೀಲಿ ಇಲ್ಲ. ಗಾಡಿ ಕೀಲಿ ಹತ್ತೊಂಬತ್ತು ವರ್ಷದಿಂದ ಯಾರ ಹತ್ರ ಇತ್ತು?"

ಸಮಿತಿಯ ವರದಿ ಚುಟುಕಾಗಿತ್ತು: ಕ್ಲಚ್ ಕಳುವಾಗಿರುವುದರಿಂದ ವಾಹನ ಚಲಿಸುತ್ತಿಲ್ಲ. ಚಾಲಕರ ಮೇಲೆ ಇಲಾಖಾ ವಿಚಾರಣೆ ಶುರುವಾಯಿತು. ಅತ್ತ ಊರ ಹೊರಗಿನ ಬಡಾವಣೆಯಲ್ಲಿ ನಲವತ್ತು ಮಂದಿ ವಯಸ್ಸಾದವರು ಪ್ರತಿ ಸೋಮವಾರ ಬಂದು ಸಾಲಾಗಿ ನಿಂತು, ಬರುವ ಲಾರಿಗಳನ್ನೆಲ್ಲ ವ್ಯಾನೆಂದುಕೊಂಡು ಕೈ ಬೀಸಿ ಮರಳುತ್ತಿದ್ದರು.

ಚಾಲಕರಿಗೆ ಊಟ ಸೇರಲಿಲ್ಲ. ಹೆಂಡತಿ ತಟ್ಟೆ ಮುಂದೆ ತಳ್ಳಿದರು.

"ಮೂವತ್ತೊಂದು ವರ್ಷ ನೌಕರಿ ಮಾಡಿ, ಕೊನೆಗೆ ಕದ್ದಿದ್ದು ಇಲ್ಲದ ವಸ್ತೂನಾ? ಕಳ್ಳ ಅನ್ನಿಸಿಕೊಳ್ಳೋದೇ ಆಗಿದ್ರೆ ಇರೋದನ್ನ ಕದೀಬಾರದಿತ್ತಾ?"

"ನಗಬೇಡ್ವೇ. ಕಳ್ಳ ಅಂತ ಬರೆಸ್ಕೊಂಡು ರಿಟೈರ್ ಆಗಿ ಹೆಂಗೆ ಮನೇಗೆ ಬರ್ಲಿ?"

ಹೆಂಡತಿ ತಟ್ಟೆಗೆ ಸಾರು ಬಡಿಸಿದರು. "ಇಲ್ಲ ಅಂದ್ರೆ ನಂಬಲ್ಲ ತಾನೆ? ಹಾಗಾದ್ರೆ ತಂದು ಕೊಟ್ಬಿಡಿ."

ಮರುದಿನ ಚಾಲಕರು ಗುಜರಿಯಿಂದ ಹಳೇ ಲಾರಿಯದೊಂದು ಪೆಡಲ್ ತಂದರು. ಪರಿಚಯದ ಮೆಕ್ಯಾನಿಕ್ ಅದನ್ನು ಬ್ರೇಕಿನ ಪಕ್ಕ ವೆಲ್ಡ್ ಮಾಡಿದ. ಅದು ಯಾವುದಕ್ಕೂ ಸೇರಿರಲಿಲ್ಲ. ತುಳಿದರೆ ಕಿರ್ ಎನ್ನುತ್ತಿತ್ತು, ಅಷ್ಟೆ. ಬಂದದ್ದಕ್ಕೆ ಅವನು ಗಾಡಿಯ ಕೆಳಗೂ ಮಲಗಿ, ಸೀಲು, ಫಿಲ್ಟರು ಬದಲಾಯಿಸಿ, ಕೆಂಪು ಎಣ್ಣೆ ತುಂಬಿ, ಯಾರಿಗೂ ಹೇಳದೆ ಹೋದ.

ಸಮಿತಿಯ ಸಮ್ಮುಖದಲ್ಲಿ ಚಾಲಕರು ಪೆಡಲ್ ತುಳಿದರು. ಕಿರ್. ವ್ಯಾನು ಬೆಣ್ಣೆಯ ಮೇಲೆ ಜಾರಿದಂತೆ ಹೊರಟಿತು.

"ನಾನು ಹೇಳ್ಲಿಲ್ವಾ?" ಎಂದರು ಅಧೀಕ್ಷಕರು.

'ಕಳುವಾದ ಕ್ಲಚ್ ಸ್ವಸ್ಥಾನಕ್ಕೆ ಮರಳಿದೆ' ಎಂದು ಕಡತ ಮುಚ್ಚಿತು. ನಲವತ್ತು ಮಂದಿಗೂ ಕನ್ನಡಕ ಸಿಕ್ಕಿತು. ಅಧೀಕ್ಷಕರಿಗೆ ಬಡ್ತಿ ಬಂತು. ಇಲಾಖೆಯ ಎಲ್ಲಾ ಆಟೋಮ್ಯಾಟಿಕ್ ವಾಹನಗಳಿಗೂ ಕ್ಲಚ್ ಅಳವಡಿಸತಕ್ಕದ್ದೆಂದು ಸುತ್ತೋಲೆ ಹೊರಟಿತು. ಅದನ್ನು ತುಳಿಯುವ ತರಬೇತಿ ನೀಡಲು ಚಾಲಕರನ್ನೇ ನೇಮಿಸಲಾಯಿತು.

ನಿವೃತ್ತಿಯ ದಿನ ಅವರ ಜಾಗಕ್ಕೆ ಬಂದ ಹೆಣ್ಣುಮಗಳು ಬಗ್ಗಿ ನೋಡಿ ಕೇಳಿದಳು: "ಅಣ್ಣಾ, ಇದು ಯಾವುದಕ್ಕೂ ಸೇರೇ ಇಲ್ಲ. ತುಳೀದೇ ಇದ್ರೂ ಗಾಡಿ ಹೋಗುತ್ತಲ್ವಾ?"

ಚಾಲಕರು ಪ್ರಾಮಾಣಿಕವಾಗಿ ಯೋಚಿಸಿದರು.

"ಹೋಗುತ್ತೇನೋಮ್ಮ. ಆದ್ರೆ ಸುಮ್ನೆ ಯಾಕೆ ರಿಸ್ಕು?"

ಅವಳು ತುಳಿದಳು.