ಸಾಹೇಬರ ಹದಿನೆಂಟು ವರ್ಷದ ವಿಸ್ಕಿ

ರುಚಿ ತಿಳಿಯಲು ನಾಲಿಗೆ ಬೇಕು, ನಿಜ. ಆದರೆ ನನ್ನ ನಾಲಿಗೆಗೆ ರುಚಿಗಿಂತ ಮೊದಲು ಭಯ ತಿಳಿಯುತ್ತದೆ. ಅದು ಹುಟ್ಟುಗುಣ. ಶಾಲೆಯಲ್ಲಿ ಉತ್ತರ ಗೊತ್ತಿದ್ದರೂ ಪಕ್ಕದವನು ಹೇಳಲಿ ಎಂದು ಕಾಯುತ್ತಿದ್ದವನು ನಾನು. ನೆರೆಮನೆಯ ನಾಯಿ ಕೂಡ ಇವನನ್ನು ಕಂಡು ಬೊಗಳಿ ಏನು ಪ್ರಯೋಜನ ಎಂದು ಬಿಟ್ಟುಬಿಟ್ಟಿತ್ತು. ಇಂಥವನಿಗೆ ನಿಜಾಮರ ಕಾಲದಲ್ಲಿ ಬೀದರಿನ ಅಬಕಾರಿ ಕಚೇರಿಯಲ್ಲಿ ಗುಮಾಸ್ತಿಕೆ ಸಿಕ್ಕಿತು. ಕೊರಳಲ್ಲಿ ಲಿಂಗ, ಎದುರಿಗೆ ಸರಾಯಿಯ ಕಡತ. ಹಲಬರ್ಗಾದ ನಮ್ಮ ಬೀಗರು ಯಾರಾದರೂ ಕೇಳಿದರೆ ‘ಸರ್ಕಾರಿ ನೌಕರಿ’ ಎಂದಷ್ಟೇ ಹೇಳಿ ಮಾತು ಬದಲಿಸುತ್ತಿದ್ದರು.

ನನ್ನ ಮೇಲಧಿಕಾರಿ ಇನ್ಸ್‌ಪೆಕ್ಟರ್ ಖಾದರ್ ಸಾಹೇಬರು. ಐದು ಹೊತ್ತು ನಮಾಜು ಮಾಡುವ, ಜೀವಮಾನದಲ್ಲಿ ಒಂದು ಹನಿ ಸರಾಯಿ ಮುಟ್ಟದ ಮನುಷ್ಯ. ಆದರೆ ಅವರ ಮೂಗು ಮಾತ್ರ ಇಲಾಖೆಗೇ ಹೆಸರುವಾಸಿ. ವಿಲಾಯತಿಗೆ ಮರಳುತ್ತಿದ್ದ ಒಬ್ಬ ಗೋರಾ ಎಂಜಿನಿಯರ್ ಅವರಿಗೆ ಒಂದು ಬಾಟಲಿ ವಿಸ್ಕಿ ಕೊಟ್ಟು ಹೋಗಿದ್ದ. ಬರೀ ಜವೆಗೋಧಿಯದು, ಒಂದೇ ಭಟ್ಟಿಯದು, ಮರದ ಪೀಪಾಯಿಯಲ್ಲಿ ಹದಿನೆಂಟು ವರ್ಷ ಕೂತದ್ದು. ಸಾಹೇಬರು ಅದನ್ನು ಆಗಾಗ ಬಿರಡೆ ತೆಗೆದು ಮೂಸಿ ಮತ್ತೆ ಮುಚ್ಚಿಡುತ್ತಿದ್ದರು. “ಮೂಗಿಗ ಗುನ್ಹೆ ಇಲ್ರಿ ಶರಣಪ್ಪ,” ಎನ್ನುತ್ತಿದ್ದರು. ಒಂದು ಮಧ್ಯಾಹ್ನ ನನ್ನ ಮುಂದೆಯೂ ಹಿಡಿದರು.

“ಸೀಮೆಎಣ್ಣಿ ವಾಸನಿ ಬರ್ತದರಿ,” ಎಂದೆ.

“ತಡೀರಿ. ಅವಸರದ ಮೂಗಿಗ ಬರೀ ಉರಿ ಸಿಗ್ತದ. ಈಗ ನೋಡ್ರಿ.”

ಕಾದೆ. ಮೊದಲು ಬೆಲ್ಲದ ಕೊಪ್ಪರಿಗೆಯ ಅಂಚಿನ ಪರಿಮಳ ಬಂತು. ಆಮೇಲೆ ಒಣದ್ರಾಕ್ಷಿ, ನೆನೆದ ಸಾಗುವಾನಿ ಹಲಗೆ, ಎಲ್ಲದರ ಹಿಂದೆ ಆರಿದ ಒಲೆಯ ಹೊಗೆ. “ಹೊಸಾ ಸರಾಯಿ ಒಮ್ಮಿಗೇ ಒದರಾಡ್ತದ. ಹಳೀದು ಒಂದೊಂದೇ ಮಾತ ಹೇಳ್ತದ,” ಎಂದು ಸಾಹೇಬರು ಬಿರಡೆ ಒತ್ತಿದರು.

ಅದು ನಿಜಾಮರ ಪರ ಹೊಡೆದಾಡುತ್ತಿದ್ದ ರಜಾಕಾರರ ಹಾವಳಿಯ ಕಾಲ. ನನ್ನ ಹೆಂಡತಿ ನೀಲಮ್ಮನ ತಮ್ಮ ನಿಜಾಮರ ವಿರುದ್ಧದ ಕರಪತ್ರಗಳನ್ನು ಚೀಲದಲ್ಲಿ ತುಂಬಿಕೊಂಡು ಗಡಿಯಾಚೆಯಿಂದ ಬರುತ್ತಿದ್ದಾಗ ಔರಾದ ಕಡೆಯ ಡಾಬಕಾದ ನಾಕಾದಲ್ಲಿ ಸಿಕ್ಕಿಬಿದ್ದ. ತಪಾಸಣೆಗೆ ನಿಂತಿದ್ದವರು ಖಾದರ್ ಸಾಹೇಬರು. ಪಕ್ಕದಲ್ಲಿ ವಹಿ ಹಿಡಿದು ನಿಂತಿದ್ದವನು ನಾನು. ಸಾಹೇಬರು ಚೀಲದ ಬಾಯಿ ಬಿಚ್ಚಿದರು, ಕಾಗದಗಳನ್ನು ನೋಡಿದರು, ನನ್ನ ಮುಖ ನೋಡಿದರು, ಬಗ್ಗಿ ಚೀಲವನ್ನು ಮೂಸಿದರು. “ಇದರಾಗ ಸರಾಯಿ ಇಲ್ಲ. ಹೋಗಪ್ಪಾ,” ಎಂದರು. ಹುಡುಗ ಬದುಕಿದ.

ಮುಂದೆ ಪೊಲೀಸ್ ಕಾರ್ಯಾಚರಣೆಯಾಯಿತು. ಸೈನ್ಯ ಬಂತು, ನಿಜಾಮರ ಆಳ್ವಿಕೆ ಮುಗಿಯಿತು. ನಾವು ಸಂತೋಷಪಟ್ಟೆವು. ಆದರೆ ಓಣಿಯಲ್ಲಿ ಎಷ್ಟೋ ಮುಸಲ್ಮಾನರ ಮನೆಗಳ ಬಾಗಿಲು ಹಾಕಿದ್ದು ಮತ್ತೆ ತೆರೆಯಲಿಲ್ಲ. ಹೊರಗಿನಿಂದ ಬಂದ ಹೊಸ ಅಧಿಕಾರಿ ಹಳೆಯ ನೌಕರರ ವಿಚಾರಣೆ ನಡೆಸಿದರು. ಖಾದರ್ ಸಾಹೇಬರು ರಜಾಕಾರರ ಕಡೆಯವರೆಂದು ಯಾರೋ ಅರ್ಜಿ ಹಾಕಿದ್ದರು. ಅಧಿಕಾರಿ ನನ್ನನ್ನು ಕರೆದು ಕೇಳಿದರು. ಡಾಬಕಾದ ಸಂಗತಿ ಗಂಟಲವರೆಗೆ ಬಂತು. ಹೇಳಿದರೆ ಇವನೂ ಅವರ ಕಡೆಯವನೇ ಎಂದು ನನ್ನ ಮೇಲೂ ಕಣ್ಣು ಬಿದ್ದರೆ? “ನಾನು ಬರೀ ಗುಮಾಸ್ತ, ನನಗೇನೂ ಗೊತ್ತಿಲ್ಲ” ಎಂದು ಬರೆದು ಸಹಿ ಹಾಕಿದೆ. ಸಾಹೇಬರನ್ನು ಕೆಲಸದಿಂದ ತೆಗೆದರು.

ಮೂರು ದಿನಗಳ ಮೇಲೆ ಅವರೇ ನಮ್ಮ ಮನೆಗೆ ಬಂದರು. ಹೈದರಾಬಾದಿನಲ್ಲಿದ್ದ ಮಗಳ ಮನೆಗೆ ಹೊರಟಿದ್ದರು. ಪಂಚೆಯಲ್ಲಿ ಸುತ್ತಿದ ಬಾಟಲಿಯನ್ನು ಕಟ್ಟೆಯ ಮೇಲಿಟ್ಟರು.

“ದಾರ್ಯಾಗ ಒಯ್ಯಲಿಕ್ಕ ಆಗಂಗಿಲ್ಲ. ನಿಮ್ಮಂತ್ಯಾಕ ಇರ್ಲಿ,” ಎಂದರು. ಆಮೇಲೆ, “ನೀವ್ ಬರ್ದಕೊಟ್ಟ ಬಯಾನ್ ತೋರ್ಸಿದ್ರು. ನಿಮ್ಮ ಅಕ್ಷರ ಛಲೋ ಅವ, ಶರಣಪ್ಪ,” ಎಂದು ಎದ್ದರು. ಮಾತಿನಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನನಗೆ ಅಂದು ಅನ್ನ ಇಳಿಯುತ್ತಿತ್ತು.

ಒಳಗಿನಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ ನೀಲಮ್ಮ ಹೊರಗೆ ಬಂದಳು.

“ನನ್ನ ತಮ್ಮನ ಜೀವಾ ಉಳಿಸಿದ ಮನುಷ್ಯಾರಿ ಅವರು. ನೀವ್ ಏನ್ ಬರ್ದೀರಿ?”

ಹೇಳಿದೆ. ಅವಳು ಬೈಯಲಿಲ್ಲ. “ನಾಳಿ ಹೋಗಿ ಖರೇ ಬರ್ದು ಬರ್ರಿ. ನೀವ್ ಹೋಗಲಿಲ್ಲಂದ್ರ ನಾನೇ ಹೋಗ್ತೇನಿ,” ಎಂದಳು. ಅವಳು ಹೋಗುವವಳೇ. ಅಧಿಕಾರಿ ಆಗ ಭಾಲ್ಕಿಯಲ್ಲಿ ಬಿಡಾರ ಮಾಡಿದ್ದರು. ರೈಲು ಹತ್ತಿ ಹೋದೆ. ನಾಲ್ಕು ಪುಟ ಬರೆದೆ. ಅವರು ಓದಿ, “ಅಂದೇ ಏಕೆ ಹೇಳಲಿಲ್ಲ?” ಎಂದು ಕೇಳಿದರು. “ಅಂಜಿದೆನ್ರಿ,” ಎಂದೆ. ಜೀವಮಾನದಲ್ಲಿ ಸರ್ಕಾರಕ್ಕೆ ನಾನು ಕೊಟ್ಟ ಅತ್ಯಂತ ನಿಖರವಾದ ಉತ್ತರ ಅದು.

ಕಾಗದ ಹೈದರಾಬಾದಿಗೆ ಹೋಯಿತು. ಒಂಬತ್ತು ತಿಂಗಳು ಸುದ್ದಿಯಿಲ್ಲ. ಕೊನೆಗೆ ಸಾಹೇಬರ ಮಗಳ ಪತ್ರ ಬಂತು. ತಂದೆಯವರ ಮೇಲೆ ಯಾವ ದೋಷವೂ ಇಲ್ಲವೆಂದು ಹುಕುಂ ಬಂದಿದೆ, ಆದರೆ ಅವರು ತೀರಿಕೊಂಡು ನಲವತ್ತು ದಿನಗಳಾದ ಮೇಲೆ ಬಂತು ಎಂದು ಬರೆದಿದ್ದಳು. ‘ಶರಣಪ್ಪ ನಿಧಾನದ ಮನುಷ್ಯ, ಆದರೆ ಹೇಳುತ್ತಾನೆ ಎಂದು ಅಬ್ಬಾ ಕೊನೆಯವರೆಗೂ ಅನ್ನುತ್ತಿದ್ದರು’ ಎಂದೂ ಇತ್ತು.

ಆ ಮಧ್ಯಾಹ್ನ ಹಿತ್ತಲಿನಲ್ಲಿ ಕೂತು ಬಿರಡೆ ತೆಗೆದೆ. ಲಿಂಗ ಕಟ್ಟಿದವನು ಮಾಡಬಾರದ್ದನ್ನು ಮಾಡಿದೆ. ಒಂದು ಗುಟುಕು ಕುಡಿದೆ. ಮೊದಲು ಗಂಟಲು ಉರಿಯಿತು. ಉರಿ ಇಳಿದ ಮೇಲೆ ಬೆಲ್ಲ ಬಂತು, ದ್ರಾಕ್ಷಿ ಬಂತು, ಹೊಗೆ ಬಂತು. ಕಡೆಯಲ್ಲಿ ಮೂಗಿಗೆ ಎಂದೂ ಸಿಗದಿದ್ದ ಒಂದು ಕಹಿ ಬಂದು ನಾಲಿಗೆಯ ಬುಡದಲ್ಲಿ ಕೂತಿತು. ಸಾಹೇಬರಿಗೆ ಅದು ಗೊತ್ತಾಗುವ ಸಂಭವವೇ ಇರಲಿಲ್ಲ. ನೀಲಮ್ಮ ಬಾಗಿಲಲ್ಲಿ ನಿಂತು ನೋಡಿದಳು, ಒಂದು ತಂಬಿಗೆ ನೀರಿಟ್ಟು ಹೋದಳು.

ಈಗ ಊರಿನಲ್ಲಿ ನನಗೊಂದು ಹೆಸರಿದೆ. ಅಂಥ ಕೆಟ್ಟ ಕಾಲದಲ್ಲಿ ಭಾಲ್ಕಿಗೆ ಹೋಗಿ ಒಬ್ಬ ಮುಸಲ್ಮಾನ ಅಧಿಕಾರಿಯ ಪರವಾಗಿ ಸಾಕ್ಷಿ ನುಡಿದ ಧೈರ್ಯವಂತ ಎಂದು ಸಭೆಗೆ ಕರೆದು ಶಾಲು ಹೊದಿಸುತ್ತಾರೆ. ಮೊದಲು ಬರೆದುಕೊಟ್ಟದ್ದು ಬೇರೆಯೇ ಎಂದು ಎದ್ದು ಹೇಳಬೇಕು ಅನಿಸುತ್ತದೆ. ಆದರೆ ಅದಕ್ಕೆ ಧೈರ್ಯ ಬೇಕು. ಶಾಲು ಇಲ್ಲಿಯವರೆಗೆ ಮೂರಾಗಿವೆ.