ಸೀಗೆಕಾಯಿ ಹಚ್ಚಿದ ರಬ್ಬರ್ ಮೀನು

ಆಗ ನನಗೆ ಅರವತ್ಮೂರು. ಇಪ್ಪತ್ತೆರಡು ವರ್ಷವಾಯಿತು. ಮದ್ರಾಸಿನಲ್ಲಿ ಮೀನು ಹಿಡಿಯುವವರು ಎಷ್ಟು ಸಾವಿರ ಜನ ಇದ್ದಾರೋ, ನನಗೇನು ಗೊತ್ತು! ಆದರೆ ಮೀನು ತಿನ್ನದೆ, ಮುಟ್ಟದೆ, ವಾಸನೆ ಬಂದರೆ ಮೂಗು ಮುಚ್ಚಿಕೊಂಡು ಬೀದಿಯ ಆಚೆ ಬದಿಗೆ ದಾಟುವವನೊಬ್ಬ ಮೀನು ಹಿಡಿಯಲು ಹೊರಟ ಎಂದರೆ ಅವನು ನನ್ನ ತಮ್ಮ ಒಬ್ಬನೇ. ಅವನ ತಲೆಯಲ್ಲಿ ಒಂದು ತಿರುಪು ಸಡಿಲ ಎಂದು ಅವನ ಮದುವೆಗೆ ಮೊದಲೇ ಹೇಳಿದ್ದೆ. ಯಾರು ಕೇಳಿದರು? ಹೆಣ್ಣು ಕೊಟ್ಟರು. ಆ ಪುಣ್ಯಾತ್ಗಿತ್ತಿ ಹದಿನೆಂಟು ವರ್ಷ ಸಂಸಾರ ಮಾಡಿ, ಸಾಕಾಗಿ ಕಣ್ಣು ಮುಚ್ಚಿದಳು. ಮಕ್ಕಳಿಲ್ಲ. ವೆಸ್ಟ್ ಮಾಂಬಲದ ಮನೆಯಲ್ಲಿ ಉಳಿದವರು ಇಬ್ಬರೇ, ಅವನು ಮತ್ತು ಅವನಿಗೆ ಬೇಯಿಸಿ ಹಾಕುವ ನಾನು.

ಇಪ್ಪತ್ಮೂರಕ್ಕೆ ಗಂಡ ಸತ್ತು ಒಂದು ಟ್ರಂಕು ಹಿಡಿದುಕೊಂಡು ಆ ಮನೆಗೆ ಬಂದವಳು ನಾನು. ಟ್ರಂಕು ತುಕ್ಕು ಹಿಡಿಯಿತು, ನಾನು ಹಿಡಿಯಲಿಲ್ಲ, ಅಷ್ಟೇ ವ್ಯತ್ಯಾಸ. ನನ್ನನ್ನು ಮೂರನೇ ಕ್ಲಾಸಿಗೆ ಸ್ಕೂಲು ಬಿಡಿಸಿದ್ದೂ ಅವನ ದೆಸೆಯಿಂದಲೇ. ಅಮ್ಮನಿಗೆ ಕಾಯಿಲೆ, ಕೂಸನ್ನು ನೋಡಿಕೊಳ್ಳಲು ಯಾರಾದರೂ ಬೇಕಿತ್ತು. ಕೂಸು ಮುಂದೆ ಬಿ.ಕಾಂ. ಮಾಡಿತು. ನಾನು ಸಾರು ಮಾಡಿದೆ.

ಕೂಸಿಗೆ ನುಂಗಂಬಾಕ್ಕಂನಲ್ಲಿ ಒಂದು ಬ್ಯಾಂಕಿನಲ್ಲಿ ಕೆಲಸ. ಊರವರ ಸಹಿ ಸರಿಯಾಗಿದೆಯೋ ಇಲ್ಲವೋ ಎಂದು ನೋಡಿ, ಸೊನ್ನೆ ಸ್ವಲ್ಪ ಉದ್ದವಾಗಿದ್ದರೂ ಚೆಕ್ಕನ್ನು ಮುಖಕ್ಕೆ ಎಸೆಯುವ ಆಫೀಸರ್. ಐವತ್ತೈದು ದಾಟುತ್ತಲೇ ಅವನ ಬಲಗೈ ನಡುಗಲು ಶುರುವಾಯಿತು. ಒಂದು ದಿನ ಅವನ ಕೈಕೆಳಗಿನ ಹುಡುಗಿ ಅವನೇ ಹಾಕಿದ ಸಹಿಯನ್ನು ತಂದು, "ಸಾರ್, ಇದು ನಿಮ್ಮ ಸಹಿ ಥರ ಇಲ್ಲವಲ್ಲ" ಎಂದಳಂತೆ. ಮನೆಗೆ ಬಂದು ಹೇಳಿದ. ನನಗೆ ನಗು ಬಂತು, ನಕ್ಕೆ. ಅವನು ನಗಲಿಲ್ಲ. ಆ ವರ್ಷ ಬ್ಯಾಂಕಿನವರು ಬೇಕಾದವರು ಮುಂಚೆಯೇ ನಿವೃತ್ತಿ ತೆಗೆದುಕೊಳ್ಳಬಹುದು ಎಂದಿದ್ದರು. ತೆಗೆದುಕೊಂಡು ಬಂದು ನಡುಮನೆಯಲ್ಲಿ ಕೂತ. ಡಾಕ್ಟರು ಮಾತ್ರೆ ಕೊಟ್ಟು, ಇದು ನಿಲ್ಲುವುದಿಲ್ಲ, ಮೆಲ್ಲಗೆ ಹೆಚ್ಚುತ್ತದೆ ಎಂದರು. ಅದಕ್ಕೆ ಅಷ್ಟು ಫೀಸು ಕೊಡಬೇಕಿತ್ತೇ? ನಾನೇ ಹೇಳುತ್ತಿದ್ದೆ.

ಆಗಲೇ ಮಹಡಿಯ ಮೇಲಿನ ಬಾಡಿಗೆಯವರು ಮನೆ ಖಾಲಿ ಮಾಡಿ ಆಸ್ಟ್ರೇಲಿಯಾಕ್ಕೆ, ಮಗಳ ಹತ್ತಿರ ಹೊರಟರು. ಹಡಗಿನಲ್ಲಿ ಎಂಜಿನಿಯರಾಗಿದ್ದ ಮುದುಕ. ಹೋಗುವಾಗ ಯಾರಿಗೂ ಏನೂ ಕೊಡದ ಆ ಮನುಷ್ಯ ನನ್ನ ತಮ್ಮನಿಗೆ ಒಂದು ಗಾಳದ ಕೋಲು, ಒಂದು ಪೆಟ್ಟಿಗೆ ಕೊಟ್ಟು ಹೋದ. ಪೆಟ್ಟಿಗೆ ತೆರೆದರೆ ಒಳಗೆ ರಬ್ಬರ್ ಮೀನುಗಳು! ಹಸಿರು, ಬೆಳ್ಳಿ, ಗುಲಾಬಿ. ಬೆರಳುದ್ದ ಮೈ, ಕೊನೆಯಲ್ಲಿ ಗೊರಸಿನ ಹಾಗೆ ಅಗಲವಾದ ಬಾಲ, ಕಣ್ಣು ಬೇರೆ ಇಟ್ಟಿದ್ದಾರೆ. ಅದನ್ನು ಕೊಕ್ಕೆಗೆ ಪೋಣಿಸಿ ನೀರಿಗೆ ಎಸೆದು ದಾರ ಸುತ್ತಿಕೊಂಡರೆ ಬಾಲ ಆಡುತ್ತದೆ, ದೊಡ್ಡ ಮೀನು ಅದನ್ನು ನಿಜವೆಂದು ನಂಬಿ ಕಚ್ಚುತ್ತದೆ. ಬಾಸ್ ಎನ್ನುವ ಜಾತಿಯ ಮೀನಿಗೆ ಇದೆಂದರೆ ಪ್ರಾಣವಂತೆ. ಆ ಜಾತಿಯಲ್ಲಿ ನಮ್ಮ ಕಡಲಿನದಕ್ಕೆ ಮದ್ರಾಸಿನವರು ಕೊಡುವಾ ಎನ್ನುತ್ತಾರೆ.

"ನಮ್ಮ ಮನೇಲಿ ಇದು ಯಾಕೋ?" ಎಂದೆ.

"ಅಕ್ಕಾ, ಇದಕ್ಕೆ ಉಸಿರಿಲ್ಲ. ಎರೆಹುಳ ಚುಚ್ಚೋ ಹಾಗಿಲ್ಲ, ಸಿಗಡಿ ಚುಚ್ಚೋ ಹಾಗಿಲ್ಲ. ಪಾವಂ, ಪಾಪ, ಯಾರಿಗೆ ತಟ್ಟುತ್ತೆ?"

"ಕಚ್ಚೋ ಮೀನಿಗೆ?"

"ಅದನ್ನ ತಿರುಗಿ ನೀರಿಗೇ ಬಿಟ್ಟುಬಿಡ್ತೀನಿ."

"ಬಿಡೋದಕ್ಕೆ ಯಾಕೆ ಹಿಡೀಬೇಕು? ಹಿಡೀದೆ ಮನೇಲಿ ಕೂತ್ರೆ ಮೊದಲೇ ಬಿಟ್ಟ ಹಾಗಲ್ವೇನೋ, ಮಂಡು, ಪೆದ್ದ?"

ಅವನು ಪೆಟ್ಟಿಗೆ ಮುಚ್ಚಿದ. ಮುಚ್ಚಳದ ಕೊಂಡಿ ಹಾಕಲು ಬಹಳ ಹೊತ್ತು ಹಿಡಿಯಿತು.

"ಒಂದು ಕೊಡುವಾ, ಅಕ್ಕಾ. ಒಂದೇ ಒಂದು. ನನ್ನ ಕೈಯಲ್ಲಿ ಬರಲಿ. ಆಮೇಲೆ ಈ ಕೈ ಬೇಕಾದ್ದು ಮಾಡ್ಕೊಳ್ಳಲಿ."

ಹೋಗು ಎಂದೆ. ಒಂದು ಕಟ್ಟಳೆ ಮಾತ್ರ ಹಾಕಿದೆ. ಆ ರಬ್ಬರಿಗೆ ಕಾರ್ಖಾನೆಯಲ್ಲೇ ಏನೋ ಎಣ್ಣೆ ಸವರಿದ್ದರು, ಮೀನಿನದೇ ನಾತ. ದೇವರ ಕೋಣೆ ಇರುವ ಮನೆಯೊಳಗೆ ಆ ನಾತ ಬರಕೂಡದು. ತೊಳೆಯುವುದು ನನ್ನ ಜವಾಬ್ದಾರಿ ಎಂದೆ. ಬೇರೆ ಯಾರು ತೊಳೆಯುತ್ತಾರೆ, ಈ ಮನೆಯಲ್ಲಿ?

ಆ ಕಾಲ ನೆನಪಿರುವವರಿಗೆ ಗೊತ್ತು. ಕೋಯಂಬೇಡಿನಲ್ಲಿ ಬಸ್‌ಸ್ಟ್ಯಾಂಡ್ ಹೊಸದಾಗಿ ಆಗಿತ್ತು, ನಲ್ಲಿಯಲ್ಲಿ ನೀರು ಮಾತ್ರ ಇರಲಿಲ್ಲ. ಲಾರಿ ಬರುತ್ತದೆಂದು ಪ್ಲಾಸ್ಟಿಕ್ ಕೊಡ ಸಾಲಿಟ್ಟು, ಬೀದಿಯಲ್ಲಿ ಜಗಳವಾಡಿ, ಏಳು ಕೊಡ ನೀರು ಹೊತ್ತು ತಂದು, ಅದರಲ್ಲಿ ಒಂದು ಕೊಡ ರಬ್ಬರ್ ಮೀನಿನ ಸ್ನಾನಕ್ಕೆ! ನಾನು ವಾರಕ್ಕೊಮ್ಮೆ ತಲೆಗೆ ನೀರು ಹಾಕಿಕೊಳ್ಳುತ್ತಿದ್ದೆ, ಅವಕ್ಕೆ ದಿನ ಬಿಟ್ಟು ದಿನ ಅಭ್ಯಂಜನ. ಸೋಪಿಗೆ ಆ ನಾತ ಹೋಗಲಿಲ್ಲ. ಸೀಗೆಕಾಯಿ ಪುಡಿ ಹಾಕಿ ಒಂದೊಂದನ್ನೂ ತಿಕ್ಕಿದೆ, ಹೋಯಿತು. ಆಮೇಲೆ ಬಾಲಕ್ಕೆ ಕ್ಲಿಪ್ಪು ಹಾಕಿ ತಾರಸಿಯ ಮೇಲೆ ಒಣಗಲು ನೇತು ಹಾಕುತ್ತಿದ್ದೆ.

ಒಂದು ದಿನ ಕಾಗೆ ಒಂದು ಗುಲಾಬಿ ಮೀನನ್ನು ಹಾರಿಸಿಕೊಂಡು ಹೋಗಿ ಪಕ್ಕದ ಮನೆಯ ಮಾಮಿಯ ತುಳಸಿಕಟ್ಟೆಯ ಮೇಲೆ ಇಟ್ಟಿತು. ಮಾಮಿ ಬೀದಿಗೆ ಬಂದು ಕಿರುಚಿದಳು. ನಾನು ಹೋಗಿ, "ಇದು ಮೀನಲ್ಲ ಮಾಮಿ, ಮೂಸಿ ನೋಡಿ, ಸೀಗೆಕಾಯಿ ವಾಸನೆ" ಎಂದೆ. ಮಾಮಿ ಮೂಸಿ ನೋಡಲಿಲ್ಲ, ಪುಣ್ಯಾಹ ಮಾಡಿಸಿದಳು. ಅಲ್ಲಿಯವರೆಗೆ ನನ್ನ ತಮ್ಮನ ರಬ್ಬರ್ ಮೀನನ್ನು ನಿಜವೆಂದು ನಂಬಿದ ಪ್ರಾಣಿಗಳು ಎರಡೇ, ಆ ಕಾಗೆ ಮತ್ತು ಆ ಮಾಮಿ.

ಕಲಿತದ್ದು ಹೇಗೆ ಎನ್ನುತ್ತೀರಾ? ಪೆಟ್ಟಿಗೆಯಲ್ಲಿ ಒಂದು ತೆಳು ಇಂಗ್ಲಿಷ್ ಪುಸ್ತಕ ಇತ್ತು. ನಾನು ಅನ್ನ ಬಸಿಯುವಾಗ ಬಾಗಿಲಲ್ಲಿ ನಿಂತು ನನಗೆ ಕನ್ನಡದಲ್ಲಿ ಪಾಠ ಹೇಳುತ್ತಿದ್ದ. ಎಸೆ. ತಳ ಮುಟ್ಟುವವರೆಗೆ ತಾಳು. ಆಮೇಲೆ ಒಂದೇ ಸಮನೆ ಮೆಲ್ಲಗೆ ಸುತ್ತು. ಕೈ ಅಲುಗಬಾರದು, ಬಾಲ ತಾನಾಗಿ ಆಡುತ್ತದೆ. ಕೈ ಅಲುಗಬಾರದು ಎನ್ನುವ ಸಾಲನ್ನು ಪ್ರತಿದಿನ ಓದುತ್ತಿದ್ದ. ಆ ಪುಸ್ತಕ ಬರೆದವನಿಗೆ ಏನು, ಗಟ್ಟಿ ಕೈ!

ತಾರಸಿಯ ಈ ತುದಿಯಲ್ಲಿ ನಿಂತು ಆ ತುದಿಯ ಬಕೆಟ್ಟಿಗೆ ಎಸೆದು ಅಭ್ಯಾಸ. ಮೊದಲ ವಾರ ಟಿ.ವಿ. ಕೇಬಲ್ಲು ಸಿಕ್ಕಿತು, ಬೀದಿಗೆಲ್ಲ ಚಿತ್ರ ನಿಂತುಹೋಯಿತು. ಎರಡನೇ ವಾರ ನಾನು ಸಂಡಿಗೆ ಇಟ್ಟಿದ್ದ ಹಳೇ ಪಂಚೆಯ ತುದಿಗೆ ಕೊಕ್ಕೆ ಬಿತ್ತು. ಅವನು ಭಾರಿ ಮೀನೆಂದು ಎಳೆದ. ಅರ್ಧ ಪಡಿ ಅಕ್ಕಿಯ ಸಂಡಿಗೆ ಅಂಗಳಕ್ಕೆ ಸುರಿಯಿತು.

"ಬಂತು ನೋಡು ನಿನ್ನ ಕೊಡುವಾ! ಕರಿದು ಕೊಡಲಾ?" ಎಂದೆ.

"ದೂರ ಮಾತ್ರ ಸರಿಯಾಗಿ ಬಿತ್ತು ಅಲ್ವಾ ಅಕ್ಕಾ?" ಎಂದ. ಇಂಥವನಿಗೆ ಬೈದು ಏನು ಪ್ರಯೋಜನ?

ಆಮೇಲೆ ಮುಟ್ಟುಕ್ಕಾಡಿಗೆ ಹೋಗತೊಡಗಿದ. ಹಿನ್ನೀರು ಸಮುದ್ರಕ್ಕೆ ಸೇರುವ ಜಾಗ. ಬೆಳಗಿನ ಮೊದಲ ಬಸ್ಸಿಗೆ ಹೋಗಿ ಮಧ್ಯಾಹ್ನ ಊಟಕ್ಕೆ ಬರುವುದು. ಮೊದಮೊದಲು ಬಂದು, "ಇವತ್ತು ಗಾಳಿ" ಎನ್ನುತ್ತಿದ್ದ. ಆಮೇಲೆ, "ನೀರು ಕಲಂಗಿತ್ತು, ಬರೀ ಬಗ್ಗಡ" ಎಂದ. "ಹತ್ರ ಬರುತ್ತೆ ಅಕ್ಕಾ, ಮೂತಿ ಇಡುತ್ತೆ, ತಿರುಗಿ ಹೋಗಿಬಿಡುತ್ತೆ" ಎಂದ. ಹತ್ತು ಹನ್ನೊಂದು ತಿಂಗಳಾಯಿತು. ಒಂದು ದಿನ ಗಾಳಿಯನ್ನೂ ಬೈಯಲಿಲ್ಲ, ನೀರನ್ನೂ ಬೈಯಲಿಲ್ಲ. ತಟ್ಟೆಯ ಮುಂದೆ ಕೂತು ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ನೋಡಿದ.

"ಈ ಸನಿಯನ್, ಶನಿ ಹಿಡಿದ ಕೈಯಿಂದಲೇ. ಅವಕ್ಕೆ ಗೊತ್ತಾಗಿಬಿಡುತ್ತೆ, ನಡುಕ. ನಾಳೆ ಒಂದು ಸಲ ಹೋಗ್ತೀನಿ. ಆಮೇಲೆ ಹಳೇ ಪೇಪರಿನವನಿಗೆ ಹಾಕಿಬಿಡು ಆ ಪೆಟ್ಟಿಗೇನ. ನೀನೂ ಬಾ. ಹೋದ ವಾರ ಕೆಸರಲ್ಲಿ ಬಿದ್ದೆ, ಹೇಳಿರಲಿಲ್ಲ."

ನಲವತ್ತು ವರ್ಷದಲ್ಲಿ ಅವನು ನನ್ನನ್ನು ಒಂದು ಕಡೆಗೆ ಬಾ ಎಂದು ಕರೆದದ್ದು ಅದೇ ಮೊದಲು. ಅದೂ ಬಿದ್ದರೆ ಎತ್ತುವುದಕ್ಕೆ!

ಹೋದೆ. ಬಿಸಿಲು ಆಗತಾನೆ ಏರುತ್ತಿತ್ತು. ಅವನು ಮೊಣಕಾಲುದ್ದ ನೀರಿನಲ್ಲಿ ಇಪ್ಪತ್ತು ಹೆಜ್ಜೆ ಆಚೆ ನಿಂತು ಎಸೆಯುವುದು, ಸುತ್ತುವುದು. ನಾನು ಒಂದು ಕಲ್ಲಿನ ಮೇಲೆ ಪೆಟ್ಟಿಗೆ ಇಟ್ಟುಕೊಂಡು ಕೂತೆ. ಪಕ್ಕದಲ್ಲೇ ನನ್ನ ವಯಸ್ಸಿನವಳೊಬ್ಬಳು ನೀರಿನಲ್ಲಿ ತೆವಳುತ್ತ, ಬಾಯಿಯಲ್ಲಿ ಒಂದು ತಾಳೆಗರಿಯ ಬುಟ್ಟಿ ಕಚ್ಚಿಕೊಂಡು, ಎರಡು ಕೈಯಿಂದ ಕೆಸರು ತಡವಿ ಸಿಗಡಿ ಹಿಡಿಯುತ್ತಿದ್ದಳು. ಬಲೆ ಇಲ್ಲ, ಕೋಲು ಇಲ್ಲ. ಹಿಡಿಯುವುದು, ಬುಟ್ಟಿಗೆ ಹಾಕುವುದು. ಬುಟ್ಟಿ ತುಂಬಿದಾಗ ದಡಕ್ಕೆ ಬಂದು ನನ್ನ ಪಕ್ಕ ಕೂತು ಎಲೆಅಡಿಕೆ ಬಿಚ್ಚಿದಳು.

ಆಗಲೇ ಅವನು ಕೂಗಿದ. "ಅಕ್ಕಾ, ಇದರ ಬಾಲ ಹರಿದುಹೋಯ್ತು. ಹಸಿರುದು ಒಂದು ಪೋಣಿಸಿ ಇಡು, ಬರ್ತೀನಿ."

ನಾನು ತೆಗೆದದ್ದನ್ನು ಅವಳು ನನ್ನ ಕೈಯಿಂದ ಕಿತ್ತುಕೊಂಡು ಮೂಗಿನ ಹತ್ತಿರ ಹಿಡಿದಳು.

"ಯಕ್ಕೋವ್, ಇದು ಮೀನಾ, ಸೋಪಾ?"

ಸೀಗೆಕಾಯಿ ಎಂದೆ. ನಾನೇ ತೊಳೆಯುತ್ತೇನೆ, ಪ್ರತಿ ಸಲವೂ, ಎಂದೆ. ಸ್ವಲ್ಪ ಹೆಮ್ಮೆಯಿಂದಲೇ.

"ಅಡಿ ಪಾವಿ!" ಎಂದು ಅವಳು ಬಾಯಿಯ ಎಲೆಯನ್ನೇ ಉಗಿದುಬಿಟ್ಟಳು. ಅವಳು ತಮಿಳಿನಲ್ಲಿ ಬೈದದ್ದರ ಅರ್ಥ ಇಷ್ಟು. ಸೀಗೆಕಾಯಿ ಎಂದರೆ ಮೀನಿಗೆ ವಿಷ ಇದ್ದ ಹಾಗೆ, ಅದು ಬೆರೆತ ನೀರು ಬಂದರೆ ಆ ಕಡೆ ಒಂದು ಮರಿಯೂ ನಿಲ್ಲುವುದಿಲ್ಲ. ಕೊಡುವಾ ಕಣ್ಣಿಗೆ ಮೋಸ ಹೋಗಿ ಹತ್ತಿರ ಬರುತ್ತದೆ, ಮೂಸುತ್ತದೆ, ಓಡುತ್ತದೆ. "ಆ ಮನುಷ್ಯ ಒಂದು ವರ್ಷದಿಂದ ಇಲ್ಲಿ ನಿಂತು ತನ್ನ ಕೈಗೆ ತಾನೇ ಹೊಡೆದುಕೊಳ್ಳೋದನ್ನ ನಾನು ನೋಡಿದ್ದೀನಿ. ತಪ್ಪು ಕೈಯದ್ದಲ್ಲ. ನಿನ್ನದು."

ನನಗೆ ಅಷ್ಟು ನೇರವಾಗಿ ಯಾರೂ ಹೇಳಿರಲಿಲ್ಲ. ನಾನು ಬೇರೆಯವರಿಗೆ ಹೇಳುವವಳು.

ಅವನು ನೀರಿನಲ್ಲಿ ಒಂದೊಂದೇ ಹೆಜ್ಜೆ ಇಡುತ್ತ ಬರುತ್ತಿದ್ದ. ಹೇಳಬೇಕೋ ಬೇಡವೋ ಯೋಚಿಸಲು ಹೊತ್ತಿರಲಿಲ್ಲ. ಅವಳು ಬುಟ್ಟಿಯಿಂದ ಒಂದು ಸಿಗಡಿ ತೆಗೆದು ಚಾಚಿದಳು. ಅರವತ್ಮೂರು ವರ್ಷ ಬೆಳ್ಳುಳ್ಳಿ ಮುಟ್ಟದ ಕೈ ನನ್ನದು. ತೆಗೆದುಕೊಂಡು, ತಲೆ ಹಿಸುಕಿ, ಆ ಹಸಿರು ರಬ್ಬರಿಗೆ ಮೂತಿಯಿಂದ ಬಾಲದವರೆಗೆ ತಿಕ್ಕಿದೆ. ಸೀಗೆಕಾಯಿ ತಿಕ್ಕಿದ್ದಕ್ಕಿಂತ ಜೋರಾಗಿ ತಿಕ್ಕಿದೆ. ಕೊಕ್ಕೆಗೆ ಪೋಣಿಸಿ ಕೊಟ್ಟೆ. ಅವನು ಮೂಗು ಸುಕ್ಕಿಸಿ, "ಏನಕ್ಕಾ ಇದು, ನಾತ?" ಎಂದ.

"ಸಮುದ್ರದ್ದು. ಹೋಗು."

ಮೂರನೆಯ ಸಲ ಎಸೆದಾಗ ಕೋಲು ಬಿಲ್ಲಿನ ಹಾಗೆ ಬಗ್ಗಿತು. ದಾರ ಕಿರ್ರೆಂದು ಓಡಿತು. ಅವನ ಕೈ ನಡುಗುವುದಲ್ಲ, ಕುಣಿಯುತ್ತಿತ್ತು.

"ಅಕ್ಕಾ! ಅಕ್ಕಾ, ನೀನು ಹಿಡ್ಕೋ, ನನ್ನ ಕೈಲಾಗಲ್ಲ!"

ನಾನು ಸೀರೆ ಎತ್ತಿಕೊಂಡು ನೀರಿಗೆ ಇಳಿದೆ. ಹಿಂದಿನಿಂದ ಅವನ ಸೊಂಟದ ಬೆಲ್ಟು ಹಿಡಿದು ಕೆಸರಿನಲ್ಲಿ ಕಾಲೂರಿ ನಿಂತೆ. ಕೋಲು ಮುಟ್ಟಲಿಲ್ಲ.

"ನಿನ್ನ ಕೈಯಲ್ಲಿ ಬರಬೇಕು ಅಂದವನು ನೀನು. ಸುತ್ತು!"

"ಜಾರ್ತಿದೆ..."

"ಜಾರಲಿ, ಸುತ್ತು. ಬೀಳೋ ಹಾಗೆ ನಾನು ಬಿಡಲ್ಲ. ಸುತ್ತೋ!"

ಸುತ್ತಿದ. ನಿಂತ, ಅತ್ತ, ಮತ್ತೆ ಸುತ್ತಿದ. ಮೊಳಕ್ಕಿಂತ ಉದ್ದದ ಬೆಳ್ಳಿಯ ಮೀನು, ಕೆಂಪಗೆ ಹೊಳೆಯುವ ಕಣ್ಣು. ಸಿಗಡಿಯವಳು ಓಡಿ ಬಂದು ಕೊಕ್ಕೆ ಬಿಡಿಸಿ ಅವನ ಎರಡು ಅಂಗೈ ಮೇಲೆ ಇಟ್ಟಳು. ಅದು ಬಾಲ ಬಡಿದು ಅವನ ಶರಟನ್ನೆಲ್ಲ ತೋಯಿಸಿತು. ಒಂದು ನಿಮಿಷ ನೋಡಿದ. ಬಗ್ಗಿ ನೀರಿಗೆ ಬಿಟ್ಟ. ಸಿಗಡಿಯವಳು ಎದೆ ಬಡಿದುಕೊಂಡಳು, "ಅಯ್ಯೋ, ಐದು ಜನರ ಕೊಳಂಬು ಸಾರು ಹೋಯ್ತು! ಅಕ್ಕ ತಮ್ಮ ಇಬ್ಬರಿಗೂ ಹುಚ್ಚು!"

ಅವನಿಗೆ ಕೇಳಿಸಲಿಲ್ಲ. ನನ್ನ ಕಡೆ ತಿರುಗಿ ಹೇಳಿದ. "ನೋಡಿದ್ಯಾ? ಕಡೇಗೆ ಕೈ ನಡುಗಲೇ ಇಲ್ಲ."

"ಇಲ್ಲ," ಎಂದೆ. "ನಡುಗಲಿಲ್ಲ."

ಸೀಗೆಕಾಯಿಯ ಮಾತು ಎತ್ತಲಿಲ್ಲ. ಅವತ್ತೂ ಎತ್ತಲಿಲ್ಲ, ಆಮೇಲೂ ಎತ್ತಲಿಲ್ಲ. ಅವನು ಒಣ ಶರಟು ತಂದಿದ್ದ. ದಡಕ್ಕೆ ಬಂದು ಬದಲಾಯಿಸಿದ. ಮೇಲಿನ ಗುಂಡಿ ಹಿಡಿದು ನಿಂತ. ನಿಂತೇ ಇದ್ದ. ಗುಂಡಿ ಒಂದು ಕಡೆ, ತೂತು ಒಂದು ಕಡೆ. "ಈ ಗುಂಡಿ ಸರಿ ಹೊಲಿದಿಲ್ಲ" ಎಂದ. ದಿನಾ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಒಂದು ಶರಟಿಗೆ ಇವನಿಗೆ ಎಷ್ಟು ಹೊತ್ತು ಹಿಡಿಯುತ್ತಿತ್ತೋ, ನಾನು ಒಂದು ದಿನವಾದರೂ ಕೇಳಿದ್ದೆನೇ? ಹೋಗಿ ನಾನೇ ಗುಂಡಿ ಹಾಕಿದೆ. ಅವನು ನನ್ನ ಮುಖ ನೋಡದೆ ನೀರು ನೋಡುತ್ತ ನಿಂತಿದ್ದ.

ಮರುದಿನ ಬೆಳಿಗ್ಗೆ ಅವನು ಪೇಪರು ತರಲು ಹೋದಾಗ ನಾನು ಬೀರುವಿನಿಂದ ಅವನ ಶರಟುಗಳನ್ನೆಲ್ಲ ತೆಗೆದು, ಗುಂಡಿ ಕತ್ತರಿಸಿ, ಆ ಜಾಗದಲ್ಲಿ ಒತ್ತಿದರೆ ಕೂಡಿಕೊಳ್ಳುವ ಟಿಚ್ ಬಟನ್ ಹೊಲಿದೆ. ನೋಡುವವರ ಕಣ್ಣಿಗೆ ಮೊದಲಿನ ಹಾಗೆಯೇ ಕಾಣಲಿ ಎಂದು, ಕಿತ್ತ ಗುಂಡಿಗಳನ್ನು ಮೇಲಿನಿಂದ ಹಚ್ಚಿದೆ.